ಬಂಗು: ಒಂದು ‘ಕ್ಷುದ್ರ’ ರೋಗದ ಚರಿತ್ರೆ

ಗಲ್ಲ, ಹಣೆ, ಮೇಲ್ದುಟಿಗಳ ಮೇಲೆ ಮೂಡುವ ಕಂದು ಕಲೆಗೆ ನಾವು ಬಂಗು ಎನ್ನುತ್ತೇವೆ. ಸುಶ್ರುತ ಸಂಹಿತೆಯಲ್ಲಿ ಇಂಥದಕ್ಕೆ ವ್ಯಂಗವೆಂದು ಹೆಸರು. ಅಲ್ಲಿ ಅದು ಕ್ಷುದ್ರರೋಗ, ಅಂದರೆ ಸಣ್ಣಪುಟ್ಟ ರೋಗಗಳ ಸಾಲಿನಲ್ಲಿದೆ. ಸಿಟ್ಟು ಮತ್ತು ದಣಿವಿನಿಂದ ಬರುವಂಥದು, ನೋವಿಲ್ಲದ್ದು ಎಂಬ ವಿವರಣೆಯೂ ಇದೆ. ಬಿಸಿಲಲ್ಲಿ ದುಡಿದ ದಣಿವು ಎಂದಾದರೆ ಒಪ್ಪೋಣ. ನೋವಿಲ್ಲದ್ದು ಎಂಬುದನ್ನು ಮಾತ್ರ ಯಾವ ಹೆಣ್ಣುಮಗಳನ್ನೂ ಕೇಳಿ ಬರೆದಂತಿಲ್ಲ.

ಗಂಗಾವತಿ ತಾಲ್ಲೂಕಿನ ಮರಳಿಯ ಸುತ್ತಮುತ್ತ ನಾಟಿಯ ಕಾಲಕ್ಕೆ ಹೋಗಿ ನೋಡಬೇಕು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ, ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಈ ಸೀಮೆ ಭತ್ತದ ಕಣಜವೆನಿಸಿತು. ಸಸಿ ಹಚ್ಚುವ ಕೈಗಳು ಹೆಂಗಸರವೇ. ಬಿಸಿಲು ಮೇಲಿನಿಂದ ಸುಡುತ್ತದೆ. ಗದ್ದೆಯ ನೀರಿಗೆ ಬಡಿದು ಕೆಳಗಿನಿಂದಲೂ ಮುಖಕ್ಕೆ ರಾಚುತ್ತದೆ. ಬಿಸಿಲನ್ನು ತಡೆಯಲು ಚರ್ಮ ತಾನೇ ಮಾಡಿಕೊಳ್ಳುವ ಬಣ್ಣ ಮೆಲನಿನ್. ಬಸಿರು, ಗರ್ಭನಿರೋಧಕ ಗುಳಿಗೆ, ಮನೆತನದ ಗುಣ ಇವು ಜೊತೆಗೂಡಿದರೆ ಅದು ಒಂದೆಡೆ ಅತಿಯಾಗಿ ಕಲೆಯಾಗುತ್ತದೆ. ಬಸಿರಲ್ಲಿ ಬಂದದ್ದು ಕೆಲವರಿಗೆ ಹೆರಿಗೆಯ ನಂತರ ಮಾಸುತ್ತದೆ, ಕೆಲವರಿಗೆ ಉಳಿದೇಬಿಡುತ್ತದೆ.

ಕಲೆ ತುರಿಸುವುದಿಲ್ಲ, ಉರಿಯುವುದಿಲ್ಲ. ಉರಿಯುವುದು ಮಂದಿಯ ಮಾತು. ಮದುವೆಯಲ್ಲಿ, ಉಡಿ ತುಂಬುವಲ್ಲಿ, “ಯಾಕವ್ವ, ಮಾರಿ ಹಿಂಗ್ಯಾಕಾಗೇತಿ?” ಎಂದು ಕೇಳದೆ ಕುಂಕುಮ ಹಚ್ಚುವವರೇ ಇಲ್ಲ. ಹಿಂದೆಯೇ ಔಷಧ: ಜಾಜಿಕಾಯಿಯನ್ನು ಹಾಲಲ್ಲಿ ತೇಯಿ, ಗಂಧ ಹಚ್ಚು. ಕೇಳಿ ಕೇಳಿ ಸಾಕಾದವಳು ಮುಂದಿನ ಸಲ ಫೋಟೋ ತೆಗೆಯುವಾಗ ಹಿಂದಿನ ಸಾಲಿಗೆ ಸರಿಯುತ್ತಾಳೆ, ಆಮೇಲೆ ಕಾರ್ಯಕ್ಕೇ ಬರುವುದಿಲ್ಲ.

ಈ ಸಂಕೋಚ ದೊಡ್ಡ ವ್ಯಾಪಾರವೂ ಆಯಿತು. 1919ರಲ್ಲಿ ಮುಂಬಯಿಯಲ್ಲಿ ಅಫ್ಘಾನ್ ಸ್ನೋ ಹುಟ್ಟಿತು. 1975ರಲ್ಲಿ ಫೇರ್ ಅಂಡ್ ಲವ್ಲಿ ಬಂತು. ಬೆಳ್ಳಗಾದವಳಿಗೇ ವರ, ಬೆಳ್ಳಗಾದವಳಿಗೇ ನೌಕರಿ ಎಂದು ಅದರ ಜಾಹೀರಾತುಗಳು ವರ್ಷಾನುಗಟ್ಟಲೆ ಹೇಳಿದವು. 2020ರಲ್ಲಿ ಅದು ಹೆಸರಿನಿಂದ ‘ಫೇರ್’ ಅನ್ನು ತೆಗೆದು ‘ಗ್ಲೋ’ ಎಂದಿಟ್ಟುಕೊಂಡಿತು. ಅದೇ 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಎಂಬ ವೈದ್ಯರು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟಿರಾಯ್ಡ್ ಕೂಡಿಸಿದ ಔಷಧವನ್ನು ಪ್ರಕಟಿಸಿದರು. ವೈದ್ಯರ ಕಣ್ಗಾವಲಿನಲ್ಲಿ ಕೆಲ ವಾರ ಹಚ್ಚಿದರೆ ಇಂಥ ಔಷಧದಿಂದ ಗುಣವುಂಟು. ನಮ್ಮಲ್ಲಿ ಅದೇ ಬಗೆಯ ಟ್ಯೂಬನ್ನು ಔಷಧದಂಗಡಿಯವರು ಚೀಟಿಯಿಲ್ಲದೆ, ತಲೆನೋವಿನ ಮುಲಾಮಿನಂತೆ ಕೊಟ್ಟರು. ಮೊದಲು ಮುಖ ತಿಳಿಯಾಗುತ್ತದೆ; ವರ್ಷಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪೇರುತ್ತದೆ, ಮೊಡವೆಯೇಳುತ್ತವೆ, ಕೂದಲು ಬೆಳೆಯುತ್ತದೆ; ಬಿಟ್ಟರೆ ಉರಿ. ಚರ್ಮವೈದ್ಯರು ಕೂಗಿ ಹೇಳಿದ ಮೇಲೆ, 2018ರಲ್ಲಿ, ಸರಕಾರ ಹದಿನಾಲ್ಕು ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿದ್ದರೆ ಮಾತ್ರ ಮಾರುವ ಪಟ್ಟಿಗೆ ಸೇರಿಸಿತು.

ಹೆಂಗಸರನ್ನೇ ಕೇಳಬೇಕೆಂಬುದು ಹೊಳೆದದ್ದು ಬಹಳ ತಡವಾಗಿ. 1994ರಲ್ಲಿ ಬ್ರಿಟನ್ನಿನ ಚರ್ಮವೈದ್ಯ ಫಿನ್ಲೇ ಮತ್ತು ಅವರ ಸಹೋದ್ಯೋಗಿ ಖಾನ್, ಚರ್ಮರೋಗ ಬದುಕನ್ನು ಎಷ್ಟು ಕಾಡುತ್ತದೆಂದು ತಿಳಿಯಲು ಹತ್ತು ಪ್ರಶ್ನೆ ಜೋಡಿಸಿದರು. ಬಂಗಿಗೆಂದೇ ಬೇರೆ ಹತ್ತು ಪ್ರಶ್ನೆ ಬಂದದ್ದು 2003ರಲ್ಲಿ: ನಾಚಿಕೆಯಾಗುತ್ತದೆಯೇ, ಮಂದಿಯೊಡನೆ ಬೆರೆಯಲು ತಡೆಯಾಗಿದೆಯೇ, ಬೇಸರವೇ? ಒಂದರಿಂದ ಏಳರವರೆಗೆ ಅಂಕ. ಬೆರಳಗಲ ಕಲೆಯುಳ್ಳವಳು ಇಡೀ ಗಲ್ಲ ಕಪ್ಪಾದವಳಿಗಿಂತ ಹೆಚ್ಚು ನೊಂದಿರಬಹುದು ಎಂಬುದು ಆಗ ವೈದ್ಯರ ಕಾಗದದ ಮೇಲೂ ಬಂತು.

ಬಿಸಿಲಿಗೆ ಹಚ್ಚುವ ಕ್ರೀಮನ್ನು ಎರಡು ತಾಸಿಗೊಮ್ಮೆ ಸವರಿಕೊಳ್ಳಿ ಎಂಬ ಸಲಹೆ ಪಟ್ಟಣದ ನಮಗೆ ಸರಿ. ಕೆಸರುಗೈಯವಳಿಗೆ ಅದು ಆಗದ ಮಾತು. ಆಕೆ ಸೀರೆಯ ಮೇಲೆ ಗಂಡನ ಹಳೆ ಅಂಗಿ ತೊಟ್ಟು, ಗಲ್ಲದ ಕೆಳಗಿನಿಂದ ಮೂಗಿನವರೆಗೆ ಸೆರಗು ಬಿಗಿದು ಗದ್ದೆಗಿಳಿಯುತ್ತಾಳೆ. ಕಣ್ಣಷ್ಟೇ ಕಾಣುತ್ತವೆ.