ಜಂತಿ ಎಣಿಸಿದವಳು

ಏಳನೆಯ ತರಗತಿಗೆ ಗಾದೆಗಳ ಪಾಠ ಮಾಡುತ್ತಿದ್ದೆ. ‘ಉಂಡ ಮನೆಯ ಜಂತಿ ಎಣಿಸಬಾರದು’ ಎಂದೆ. ಅನ್ನವಿಟ್ಟವರ ಆಸ್ತಿಯ ಲೆಕ್ಕ ಹಾಕಬಾರದು ಎಂದು ಅರ್ಥವನ್ನೂ ಹೇಳಿದೆ. ಒಬ್ಬ ಹುಡುಗಿ ಎದ್ದು, “ಜಂತಿ ಅಂದ್ರೇನು, ಟೀಚರ್?” ಎಂದಳು. ತೋರಿಸಲೆಂದು ಮೇಲೆ ನೋಡಿದರೆ ಬರೀ ಕಾಂಕ್ರೀಟು!

ಧಾರವಾಡ ಸೀಮೆಯ ನನ್ನ ತವರುಮನೆ ಮಣ್ಣಿನ ಮಾಳಿಗೆಯದು. ಕಂಬಗಳ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿಗಳ ಸಾಲು, ಅವುಗಳ ಮೇಲೆ ಹಲಗೆ, ಆಮೇಲೆ ಮಣ್ಣು. ಮಾಳಿಗೆಯ ಭಾರವೆಲ್ಲ ಜಂತಿಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ ಇಳಿಯುತ್ತಿತ್ತು. ಜ್ವರ ಬಂದು ಮಲಗಿದಾಗ ಆ ಜಂತಿಗಳನ್ನು ಎಣಿಸಿಯೇ ನಾನು ಲೆಕ್ಕ ಕಲಿತೆ.

ನಡುಮನೆಗೆ ಕಿಟಕಿಯಿರಲಿಲ್ಲ; ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅದರಿಂದ ಬಿದ್ದ ಬಿಸಿಲು ನೋಡಿ ಅವ್ವ ಹೊತ್ತು ಹೇಳುತ್ತಿದ್ದಳು. ಬೆಳಕಿನ ಕಿಂಡಿಯೇ ಬೆಳಕಿಂಡಿ, ಅಚ್ಚ ಕನ್ನಡ. ಕಿಟಕಿಯೋ ಉತ್ತರದ ‘ಖಿಡಕಿ’ಯಿಂದ ಬಂದದ್ದು. ಕೊಂಕಣಿಯವರ ‘ಜನೆಲ್’, 1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರ ‘ಜನೆಲಾ’. ಸಂಸ್ಕೃತದ ‘ಗವಾಕ್ಷ’ವೆಂದರೆ ಹಸುವಿನ ಕಣ್ಣು. ಇಂಗ್ಲಿಷಿನ ‘ವಿಂಡೋ’ ಕೂಡ ಹಳೆಯ ನಾರ್ಸ್ ಭಾಷೆಯಲ್ಲಿ ‘ಗಾಳಿಯ ಕಣ್ಣು’. ಎಲ್ಲಿಯ ಗಾಳಿ, ಎಲ್ಲಿಯ ಹಸು. ಕಣ್ಣು ಮಾತ್ರ ಒಂದೇ!

ಬೇಲೂರಿಗೆ ಹೋದವರು ಚೆನ್ನಕೇಶವ ಗುಡಿಯ ಕಲ್ಲಿನ ಜಾಲಂಧ್ರಗಳನ್ನು ನೋಡಿರುತ್ತೀರಿ. ವಿಷ್ಣುವರ್ಧನ 1117ರಲ್ಲಿ ದೇವರನ್ನು ಪ್ರತಿಷ್ಠೆ ಮಾಡಿಸಿದಾಗ ಆ ನವರಂಗ ತೆರೆದೇ ಇತ್ತಂತೆ. ಜಾಲಂಧ್ರ ಕೂಡಿಸಿದ್ದು ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಎನ್ನುತ್ತಾರೆ ಇತಿಹಾಸ ಬಲ್ಲವರು. ಅರಸರ ಗುಡಿಯ ಕಿಟಕಿಗಾದರೆ ಇತಿಹಾಸವುಂಟು. ನಮ್ಮ ಬೆಳಕಿಂಡಿಯನ್ನು ಬರೆದಿಡುವವರು ಯಾರು?

ಅವ್ವ ಹೋದ ಮೇಲೆ ಅಣ್ಣ ಹಳೆಯ ಮನೆ ಕೆಡವಿ ಆರ್‌ಸಿಸಿ ಹಾಕಿಸುವೆನೆಂದ. ಹಿಂದಿನ ದಿನ ನಾನು ಹೋಗಿ ನಡುಮನೆಯಲ್ಲಿ ಮೇಲೆ ನೋಡುತ್ತ ಮಲಗಿದೆ. ವೈನಿ ನಗುತ್ತ, “ಯಾಕವ್ವಾ, ತವರುಮನಿ ಜಂತಿ ಎಣಸಾಕ ಹತ್ತೀಯೇನು?” ಎಂದಳು. ನಾನೂ ನಕ್ಕೆ. ಆದರೆ ಮಾತು ಒಳಗೆ ಚುಚ್ಚಿತು. 2005ರ ಕಾನೂನು ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿದೆ. ನಾನು ಪಾಲು ಕೇಳಿದವಳಲ್ಲ. ಹಾಗೆಂದು ಹುಟ್ಟಿದ ಮನೆಯಲ್ಲಿ ನಾನು ಬರೀ ಉಂಡು ಹೋದವಳೇ? ಎಣಿಸಿದ್ದು ಹೌದು, ಇಪ್ಪತ್ತೊಂದು ಇದ್ದವು.

ಅಣ್ಣನನ್ನು ಕೇಳಿ ಒಂದು ಜಂತಿಯ ತುಂಡು ತಂದಿಟ್ಟುಕೊಂಡಿದ್ದೆ. ಮರುದಿನ ಅದನ್ನು ತರಗತಿಗೆ ಒಯ್ದೆ. ಕೇಳಿದ ಹುಡುಗಿ ಎರಡೂ ಕೈಯಲ್ಲಿ ಎತ್ತಿ ನೋಡಿದಳು.

“ಎಷ್ಟು ಭಾರ ಐತ್ರೀ, ಟೀಚರ್!”