ಕೆರೆಯ ಈಜು, ಕಡಲಿನ ಸೆಳೆತ

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಗೆ ಕಡಲು ದೂರ. ಚನ್ನರಾಯಪಟ್ಟಣ, ಹಾಸನ, ಸಕಲೇಶಪುರಗಳನ್ನು ದಾಟಿ ಶಿರಾಡಿ ಘಾಟಿ ಇಳಿದ ಮೇಲೆಯೇ ಉಪ್ಪುಗಾಳಿ ಮುಖಕ್ಕೆ ತಾಗುವುದು. ಆದರೂ ಇದು ನೀರಿನ ಊರು. ಹೊಯ್ಸಳರ ಬ್ರಹ್ಮೇಶ್ವರ ದೇವಾಲಯವಿರುವ ಈ ಊರಿಗೆ ದೊಡ್ಡ ಕೆರೆಯಿದೆ, ಸುತ್ತಿನ ಹಳ್ಳಿಗಳಿಗೆ ಕಟ್ಟೆ, ಬಾವಿ, ನಾಲೆಗಳಿವೆ. ಹುಡುಗರು ಈಜು ಕಲಿಯುವುದು ಇವುಗಳಲ್ಲೇ. ಹಿಂದೆ ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ ಹಿರಿಯರು ಬಾವಿಗೆ ತಳ್ಳುತ್ತಿದ್ದರು. ಆಮೇಲೆ ಅದರ ಜಾಗಕ್ಕೆ ಖಾಲಿ ಪ್ಲಾಸ್ಟಿಕ್ ಕ್ಯಾನು, ಲಾರಿ ಟ್ಯೂಬು ಬಂದವು. ಹೀಗೆ ಒಮ್ಮೆ ಕಲಿತ ಈಜು ಎಲ್ಲ ನೀರಿಗೂ ಆಗುತ್ತದೆ ಎಂಬುದು ಒಳನಾಡಿನವರ ನಂಬಿಕೆ. ಮಲ್ಪೆ, ಮುರುಡೇಶ್ವರ, ಮೂಲ್ಕಿಯ ದಂಡೆಗಳಲ್ಲಿ ಕೈಕೊಡುವುದು ಈ ನಂಬಿಕೆಯೇ.

ಆಟಕ್ಕೆಂದು ಕಡಲಿಗಿಳಿಯುವುದು ನಮ್ಮಲ್ಲಿ ಹಳೆಯ ರೂಢಿಯಲ್ಲ. ಪರ್ವಕಾಲದಲ್ಲಲ್ಲದೆ ಸಮುದ್ರವನ್ನು ಮುಟ್ಟಬಾರದು ಎಂದು ಹಿರಿಯರು ಹೇಳುತ್ತಿದ್ದರು. ಕಡಲನ್ನೇ ನಂಬಿ ಬದುಕುವ ಮೊಗವೀರರಿಗೂ ಅದರೊಡನೆ ಒಂದು ಲೆಕ್ಕಾಚಾರವಿದೆ. ಮಳೆಗಾಲದ ಅಬ್ಬರ ಇಳಿದು, ನೂಲ ಹುಣ್ಣಿಮೆಯ ಹೊತ್ತಿಗೆ ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಸಲ್ಲಿಸಿದ ಮೇಲೆ ಆಳಕಡಲಿನ ಮೀನುಗಾರಿಕೆ ಆರಂಭ. ಯಾಂತ್ರಿಕ ದೋಣಿಗಳಿಗೆ ಇಂದಿಗೂ ಜೂನ್ 1ರಿಂದ ಜುಲೈ 31ರವರೆಗೆ ಸರ್ಕಾರದ ನಿಷೇಧವಿದೆ. ಅದರ ಮುಖ್ಯ ಉದ್ದೇಶ ಮೀನಿನ ಸಂತಾನವನ್ನು ಉಳಿಸುವುದು. ಆದರೆ ದೋಣಿಯವರೇ ದಡದಲ್ಲಿ ಕುಳಿತಿರುವ ಆ ತಿಂಗಳುಗಳಲ್ಲಿ ಪ್ರವಾಸಿಗರು ಅಲೆಗೆದುರಾಗಿ ನಿಂತು ಫೋಟೊ ತೆಗೆಸಿಕೊಳ್ಳುವುದು ವಿಚಿತ್ರವೇ ಸರಿ.

ಇಂದು ಕಡಲ ಸ್ನಾನಕ್ಕೆ ಹೆಸರಾದ ಆಸ್ಟ್ರೇಲಿಯದ ಸಿಡ್ನಿಯಲ್ಲೂ 20ನೇ ಶತಮಾನದ ಆರಂಭದವರೆಗೆ ಹಗಲಿನಲ್ಲಿ ಕಡಲಿಗಿಳಿಯುವುದಕ್ಕೆ ನಿಷೇಧವಿತ್ತು. ಅದು ಸಡಿಲವಾಗಿ ಜನ ನುಗ್ಗಿದಾಗ ಸಾವುಗಳೂ ಹೆಚ್ಚಿದವು. 1907ರ ಸುಮಾರಿಗೆ ದಂಡೆಗಳಲ್ಲಿ ಜೀವರಕ್ಷಕರ ಸಂಘಗಳು ಹುಟ್ಟಿದ್ದು ಇದರಿಂದಲೇ. 1915ರ ಜನವರಿಯಲ್ಲಿ ಕಿಕ್ಕೇರಿಯಲ್ಲಿ ಕವಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದರಷ್ಟೆ. ಅದೇ ಹೊತ್ತಿನಲ್ಲಿ ಹವಾಯಿಯ ಡ್ಯೂಕ್ ಕಹಾನಮೊಕು ಸಿಡ್ನಿಯ ಫ್ರೆಶ್‌ವಾಟರ್ ದಂಡೆಯಲ್ಲಿ, ಮರದ ಹಲಗೆಯ ಮೇಲೆ ನಿಂತು ಅಲೆಯೇರಿ ಬರುವುದನ್ನು ಜನರಿಗೆ ತೋರಿಸುತ್ತಿದ್ದರು. ಆ ಅಲೆಯಾಟ, ಎಂದರೆ ಸರ್ಫಿಂಗ್, ನಮ್ಮ ಕರಾವಳಿಗೆ ಬಂದು ನೆಲೆಯೂರಲು ಸುಮಾರು 90 ವರ್ಷ ಹಿಡಿಯಿತು. ಮೂಲ್ಕಿಯಲ್ಲಿ ಅಮೆರಿಕ ಮೂಲದ ಸನ್ಯಾಸಿಯೊಬ್ಬರ ಆಶ್ರಮದಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು. 2016ರ ಮೇ ತಿಂಗಳಲ್ಲಿ ಸಮೀಪದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಆ ದಂಡೆ ಈಗ ಒಳನಾಡಿನವರಿಗೂ ಪರಿಚಿತ.

ಇಂಥ ದಂಡೆಯಲ್ಲಿ ಯಾರಾದರೂ ಮುಳುಗಿದರೆ ‘ಸುಳಿಗೆ ಸಿಕ್ಕರು’ ಎನ್ನುವುದು ವಾಡಿಕೆ. ಇದು ಹೊಳೆಯವರ ಮಾತು. ಶ್ರೀರಂಗಪಟ್ಟಣದ ಸಂಗಮದಲ್ಲೋ ಬಲಮುರಿಯಲ್ಲೋ ಕಾವೇರಿಯನ್ನು ಕಂಡವರಿಗೆ ಸುಳಿ ಗೊತ್ತು, ಮಡು ಗೊತ್ತು. ನೀರು ಕೆಳಕ್ಕೆ ಎಳೆಯುತ್ತದೆ ಎಂಬ ಭಯ ಗೊತ್ತು. ಕಡಲ ದಂಡೆಯಲ್ಲಿ ನಡೆಯುವುದು ಬೇರೆ. ಅಲೆಗಳು ಒಂದರ ಮೇಲೊಂದು ದಡಕ್ಕೆ ತಂದೊಟ್ಟಿದ ನೀರು ಹಿಂದಕ್ಕೆ ಹೋಗಲೇಬೇಕು. ನೀರಿನಡಿಯ ಮರಳದಿಬ್ಬದಲ್ಲಿ ತಗ್ಗಿರುವ ಕಡೆ ಅದೆಲ್ಲ ಸೇರಿ, ಕಿರಿದಾದ ಕಾಲುವೆಯಂತೆ ಕಡಲಿನತ್ತ ಹರಿಯುತ್ತದೆ. ಜೋರಾದಾಗ ಇದರ ವೇಗ ಸೆಕೆಂಡಿಗೆ 2 ಮೀಟರ್ ಮುಟ್ಟಬಹುದು. ಇದು ಯಾರನ್ನೂ ತಳಕ್ಕೆ ಎಳೆಯುವುದಿಲ್ಲ, ದಡದಿಂದ ದೂರಕ್ಕೆ ಒಯ್ಯುತ್ತದೆ. ವಿಜ್ಞಾನಿಗಳಿಗೂ ಹೆಸರಿನ ಗೊಂದಲವಿತ್ತು. ಅಮೆರಿಕದ ಭೂವಿಜ್ಞಾನಿ ಫ್ರಾನ್ಸಿಸ್ ಶೆಪರ್ಡ್ ಇದು ಅಡಿಯ ಸೆಳೆತವೂ ಅಲ್ಲ, ಉಬ್ಬರವಿಳಿತವೂ ಅಲ್ಲ, ‘ರಿಪ್ ಕರೆಂಟ್’ ಎನ್ನಬೇಕು ಎಂದು ಸೂಚಿಸಿದ್ದು 1936ರಲ್ಲಿ. ಎರಡೇ ವರ್ಷದಲ್ಲಿ, 1938ರ ಫೆಬ್ರುವರಿ 6ರ ಭಾನುವಾರ, ಸಿಡ್ನಿಯ ಬೊಂಡೈ ದಂಡೆಯಲ್ಲಿ ಹಿಂದಿರುಗುವ ನೀರು ನೂರಾರು ಜನರನ್ನು ಮರಳದಿಬ್ಬದಿಂದ ಒಮ್ಮೆಗೇ ಕೊಚ್ಚಿಕೊಂಡು ಹೋಯಿತು. ಅಂದು ಜೀವರಕ್ಷಕರು ದೊಡ್ಡ ಸಂಖ್ಯೆಯಲ್ಲಿ ಅಲ್ಲೇ ಇದ್ದರು. ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಎಳೆದು ತಂದರು, ಸತ್ತವರು ಐವರು.

ಸೆಳೆತವಿರುವ ಜಾಗ ನೋಡಲು ಸೌಮ್ಯವಾಗಿರುತ್ತದೆ. ಎರಡೂ ಪಕ್ಕ ಬಿಳಿ ನೊರೆ ಎದ್ದು ಅಲೆ ಒಡೆಯುತ್ತಿದ್ದರೆ ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೀರು ಕಪ್ಪಾಗಿ, ಅಲೆಯಿಲ್ಲದೆ ಇರುತ್ತದೆ. ಕೆರೆಯಲ್ಲಿ ಈಜಿದ ಹುಡುಗ ಮಕ್ಕಳನ್ನು ಕರೆದುಕೊಂಡು ಇಳಿಯುವುದು ಅಲ್ಲಿಗೇ. ಅವನ ವಿವೇಕವೇ ಅವನನ್ನು ತಪ್ಪು ಜಾಗಕ್ಕೆ ಒಯ್ಯುತ್ತದೆ. ಆಮೇಲೆ ಕೆರೆಯಲ್ಲಿ ಮಾಡಿದ ಹಾಗೆಯೇ ನೇರವಾಗಿ ದಡಕ್ಕೆ ಕೈಬೀಸಿ, ಹರಿವಿಗೆ ಎದುರಾಗಿ ದಣಿದು ಮುಳುಗುತ್ತಾನೆ. ಮೂಲ್ಕಿಯ ಸರ್ಫರ್ ಆದರೋ ಇದೇ ಪಟ್ಟಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಹಲಗೆಯ ಮೇಲೆ ಮಲಗಿದರೆ ಸಾಕು, ಅಲೆಯಾಚೆಗೆ ನೀರೇ ಅವನನ್ನು ಒಯ್ಯುತ್ತದೆ. ಅಲ್ಲಿ ಅದರ ಬಲ ಉಡುಗುವುದು ಅವನಿಗೆ ಗೊತ್ತು. ಸಿಕ್ಕಿಬಿದ್ದವರು ಮಾಡಬೇಕಾದದ್ದೂ ಹೆಚ್ಚುಕಡಿಮೆ ಅದೇ: ಅಂಗಾತ ತೇಲಿ ಉಸಿರು ಉಳಿಸಿಕೊಳ್ಳುವುದು, ಕೈಯೆತ್ತಿ ಕೂಗುವುದು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಅಲೆ ಒಡೆಯುವ ಕಡೆಯಿಂದ ಹೊರಬರುವುದು.

2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ತೀರಿಕೊಂಡರು. ಕೋಲಾರವೂ ಕೆರೆಗಳ ಸೀಮೆಯೇ. ಈಗ ಡಿಸೆಂಬರ್ ಬಂತೆಂದರೆ ಒಳನಾಡಿನ ಶಾಲೆಗಳ ಬಸ್ಸುಗಳು ಘಾಟಿ ಇಳಿಯುತ್ತವೆ. ಹೊರಡುವ ಮೊದಲು ಮೇಷ್ಟರು ಕಪ್ಪುಹಲಗೆಯ ಮೇಲೆ ಆ ಮರಳದಿಬ್ಬವನ್ನೂ ಅದರ ತಗ್ಗನ್ನೂ ಬರೆದು ತೋರಿಸಲು ಹತ್ತು ನಿಮಿಷ ಸಾಕು. ದಂಡೆ ತಲುಪಿದಾಗ ಕೆಂಪು ಬಾವುಟವಿದ್ದರೆ ಕಾಲು ತೋಯಿಸುವುದೂ ಬೇಡ. ಜೀವರಕ್ಷಕರಿಲ್ಲದ ಕಡೆ, ನದಿಯ ಅಳಿವೆಯ ಬಳಿ, ಕತ್ತಲಾದ ಮೇಲೆ ಇಳಿಯುವುದೂ ಬೇಡ. ಸೀರೆ, ಜೀನ್ಸ್ ಪ್ಯಾಂಟು ನೆನೆದರೆ ಕಾಲಿಗೆ ಕಟ್ಟಿದ ಕಲ್ಲಿನಂತೆ.

ಹಲವು ಸಲ ಮೊದಲು ಸಿಕ್ಕಿಕೊಂಡವನ ಜೊತೆಗೆ ಅವನನ್ನು ಉಳಿಸಲು ಹಾರಿದವನೂ ಹೋಗುತ್ತಾನೆ. ಹಾರಬಾರದು, ತೇಲುವುದನ್ನು ಎಸೆಯಬೇಕು. ಒಳನಾಡಿನಿಂದ ಹೊರಟ ವ್ಯಾನಿನಲ್ಲಿ ಕುಡಿಯುವ ನೀರು ತಂದ ಪ್ಲಾಸ್ಟಿಕ್ ಕ್ಯಾನು ಇದ್ದೇ ಇರುತ್ತದೆ. ಅದನ್ನು ಬರಿದು ಮಾಡಿ, ಮುಚ್ಚಳ ಬಿಗಿದು, ಹಗ್ಗವಿದ್ದರೆ ಕಟ್ಟಿ ಎಸೆದು, ಜೀವರಕ್ಷಕರನ್ನು ಕೂಗಿ, 112ಕ್ಕೆ ಫೋನ್ ಮಾಡಬೇಕು. ಈಜು ಕಲಿತ ದಿನ ಬಾವಿಯಲ್ಲಿ ಬೆನ್ನಿಗಿದ್ದದ್ದೂ ಅಂಥದೇ ಕ್ಯಾನು.