ಮೈಸೂರು ಸೀಮೆಯಲ್ಲಿ ಜೀರ್ಣದ್ರವ್ಯಗಳ ಪುನರುಪಯೋಗ

ಹಳೆಯ ಮನೆಗೆ ಹೊಸ ಮರವನ್ನು ಸೇರಿಸಬಹುದು, ಹೊಸ ಮನೆಗೆ ಹಳೆಯ ಮರವನ್ನು ಹಾಕಲಾಗದು ಎಂಬುದು ವಾಸ್ತುಗ್ರಂಥಗಳ ವಿಧಿ. ಅನ್ಯಗೃಹದ ದ್ರವ್ಯದಿಂದ ಕಟ್ಟಿದ ಮನೆಯಲ್ಲಿ ಯಜಮಾನನು ನೆಲೆಸಲಾರನೆಂದೂ ಅವು ಹೇಳುತ್ತವೆ. ಈ ನಿಷೇಧವನ್ನು ಆಚರಣೆಯಲ್ಲಿ ಎಷ್ಟರಮಟ್ಟಿಗೆ ಪಾಲಿಸುತ್ತಿದ್ದರೆಂಬುದು ವಿಚಾರಣೀಯವಾಗಿದೆ.

ಚಾಮರಾಜನಗರಕ್ಕೆ ಹಿಂದೆ ಅರಿಕುಠಾರವೆಂದು ಹೆಸರು. ಖಾಸಾ ಚಾಮರಾಜ ಒಡೆಯರು ಜನಿಸಿದುದು ಅಲ್ಲಿಯೇ. 1796ರಲ್ಲಿ ಅವರು ಕಾಲವಾಗಲು ಅವರ ಕುಟುಂಬವು ಶ್ರೀರಂಗಪಟ್ಟಣದ ಅರಮನೆಯನ್ನು ಬಿಡಬೇಕಾಯಿತು. ಮೈಸೂರಿನ ಹಳೆಯ ಕೋಟೆಯನ್ನಾದರೋ ಟಿಪ್ಪು ಸುಲ್ತಾನನು ಕೆಡವಿಸಿ, ಅದರ ಕಲ್ಲುಗಳನ್ನು ಪೂರ್ವದಿಕ್ಕಿನ ದಿಣ್ಣೆಗೆ ಸಾಗಿಸಿ, ನಜರ್‌ಬಾದ್ ಕೋಟೆಯನ್ನು ಕಟ್ಟಿಸತೊಡಗಿದ್ದನು. ಹೀಗಾಗಿ 1799ರ ಜೂನ್ 30ರಂದು ಚಾಮರಾಜರ ಪುತ್ರರಾದ ಮುಮ್ಮಡಿ ಕೃಷ್ಣರಾಜರು, ಐದು ವರ್ಷದ ಬಾಲಕರು, ಚಪ್ಪರದ ಕೆಳಗೆ ಪಟ್ಟಾಭಿಷಿಕ್ತರಾದರು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಅವೇ ಕಲ್ಲುಗಳು ನಜರ್‌ಬಾದಿನಿಂದ ಹಿಂದಿರುಗಿದವು. ಕೋಟೆ ಮತ್ತೆ ಎದ್ದಿತು. ಕಲ್ಲು ತನ್ನ ಸ್ವಸ್ಥಾನಕ್ಕೇ ಮರಳಿತಾದುದರಿಂದ ಇದು ಜೀರ್ಣೋದ್ಧಾರವೇ ಹೊರತು ಅನ್ಯದ್ರವ್ಯದೋಷವಲ್ಲ. ದೋಷವೆಂಬುದಿದ್ದರೆ ಅದು ನಜರ್‌ಬಾದಿಗೆ ತಟ್ಟಬೇಕು. ಆ ಕೋಟೆ ಉಳಿಯಲೂ ಇಲ್ಲವಷ್ಟೆ! ಕೃಷ್ಣರಾಜರು 1818ರಲ್ಲಿ ಅರಿಕುಠಾರಕ್ಕೆ ತಂದೆಯ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು.

ಮೈಸೂರಿನ ಶ್ವೇತವರಾಹಸ್ವಾಮಿ ದೇವಾಲಯದ ವಿಷಯದಲ್ಲಿ ಇಂತಹ ಸಮಾಧಾನ ಹೇಳುವುದು ಕಷ್ಟ. 1807ರಲ್ಲಿ ಯಳಂದೂರನ್ನು ಜಹಗೀರಾಗಿ ಪಡೆದ ಇದೇ ಪೂರ್ಣಯ್ಯನವರು ಶಿವಮೊಗ್ಗ ಪ್ರಾಂತದ ಹೊಯ್ಸಳ ಕಟ್ಟಡವೊಂದರ ಕಲ್ಲುಗಳನ್ನು ತರಿಸಿ ಅದನ್ನು ಕಟ್ಟಿಸಿದರು. ಇದು ನಿಸ್ಸಂದೇಹವಾಗಿ ಅನ್ಯದ್ರವ್ಯ. ಅಲ್ಲಿಯ ಮೂರ್ತಿಯೂ ಪರಸ್ಥಳದ್ದೇ: ಚಿಕ್ಕದೇವರಾಜ ಒಡೆಯರು ಶ್ರೀಮುಷ್ಣದಿಂದ ಶ್ರೀರಂಗಪಟ್ಟಣಕ್ಕೆ ತರಿಸಿದ್ದ ವಿಗ್ರಹವು 1809ರಲ್ಲಿ ಮೈಸೂರನ್ನು ಸೇರಿತು. ಆದರೂ ಪೂಜೆ ನಡೆದುಬಂದಿದೆ. ಅದೇ ಚಿಕ್ಕದೇವರಾಜರು ತಂದೆ ದೊಡ್ಡದೇವರಾಜರ ಸ್ಮರಣಾರ್ಥವಾಗಿ ಗುಂಡ್ಲುಪೇಟೆಯಲ್ಲಿ ಕಟ್ಟಿಸಿದ ಪರವಾಸುದೇವ ದೇವಾಲಯವಾದರೋ ಬಹುಕಾಲ ಪಾಳುಬಿದ್ದಿತ್ತು. ದ್ರವ್ಯದ ಮೂಲಕ್ಕಿಂತ ಪಾಲಕರ ಆಸ್ಥೆಯೇ ಇಲ್ಲಿ ಬಲವತ್ತರವಾದ ಕಾರಣವೆನ್ನದೆ ವಿಧಿಯಿಲ್ಲ.

ಕಲ್ಲಿನ ಮಾತು ಹಾಗಿರಲಿ. ಶಾಸ್ತ್ರದ ಕಟ್ಟುನಿಟ್ಟು ಹೆಚ್ಚಾಗಿ ಮರದ ಮೇಲೆ. ಒಮ್ಮೆ ಕೊರೆದು ಬೆಸೆದ ತೊಲೆಯು ಎರಡನೆಯ ಸಲ ಭಾರವನ್ನು ತಾಳುವುದೋ ಇಲ್ಲವೋ ಎಂಬ ಶಂಕೆಯೇ ನಿಷೇಧದ ಮೂಲವಾಗಿರಬಹುದು. ಗುಂಡ್ಲುಪೇಟೆಯನ್ನು ದಾಟಿ ದಕ್ಷಿಣಕ್ಕೆ ಹೋಗುವ ದಾರಿಯು ನೀಲಗಿರಿಯನ್ನೇರಿ ಉದಕಮಂಡಲವನ್ನು ಮುಟ್ಟುತ್ತದೆ. 1829ರಲ್ಲಿ ಅಲ್ಲಿ ಅಸ್ತಿಭಾರ ಹಾಕಿ, 1831ರಲ್ಲಿ ತೆರೆದ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಶ್ರೀರಂಗಪಟ್ಟಣದಲ್ಲಿ ಕೆಡವಿದ ಟಿಪ್ಪುವಿನ ಅರಮನೆಯ ತೇಗದ ತೊಲೆಗಳನ್ನು ಬಳಸಿದರು. ಕ್ರೈಸ್ತಮಂದಿರಕ್ಕೆ ಮಯಮತದ ನಿಷೇಧ ಅನ್ವಯಿಸದು, ನಿಜ. ಆ ತೊಲೆಗಳು ಮಾತ್ರ ಇಂದಿಗೂ ಮಾಡನ್ನು ಹೊತ್ತು ನಿಂತಿವೆ.